ಗಿರಣಿ ನಿಲ್ಲಿಸಿ ಕೇಳುತ್ತಿದ್ದ ಮೆಂಬರು

ಬಸವಕಲ್ಯಾಣದ ನಮ್ಮ ಓಣಿಯ ತಿರುವಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಮೊನ್ನೆ ಅದರ ಮುಂದೆ ಹಾಯುವಾಗ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ಬಂತು ನೋಡಿ, ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. 'ಏನ್ ಬೇಕ್ರಿ ಸರ್?' ಎಂದ ಗಿರಣಿಯವನು. ನನಗೆ ಬೇಕಾಗಿದ್ದವರು ಹುಮನಾಬಾದಿನ ಶರಣಮ್ಮತ್ತೆ, ನನ್ನ ತಂದೆಯ ತಂಗಿ. ಅದೂ ಹದಿನೈದು ವರ್ಷದ ಹಿಂದಿನ ಶರಣಮ್ಮತ್ತೆ. ಅವನೇನು ಕೊಟ್ಟಾನು ಪಾಪ.

ಅತ್ತೆ ಗಿರಣಿ ನಡೆಸುತ್ತಿದ್ದರು. ಪುರಸಭೆ ಚುನಾವಣೆಯಲ್ಲಿ ಅವರ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಎರಡೂ ಪಕ್ಷದವರು ತಂತಮ್ಮ ಮುಖಂಡರ ಹೆಂಡಂದಿರನ್ನು ನಿಲ್ಲಿಸಿದರು. ಓಣಿಯ ಹೆಂಗಸರು ಜೋಳದ ಡಬ್ಬಿ ಹಿಡಿದುಕೊಂಡೇ ಬಂದು, 'ನೀವ ನಿಂದರ್ರಿ ಶರಣಮ್ಮ. ಯಾರ ಮನ್ಯಾಗ ಎಷ್ಟು ಜ್ವಾಳ ಅದ ಅಂತ ಗೊತ್ತಿದ್ದವರು ನೀವೊಬ್ಬರೇ' ಎಂದರು. ಅತ್ತೆ ಪಕ್ಷೇತರರಾಗಿ ನಿಂತರು, ಗೆದ್ದೂಬಿಟ್ಟರು.

ಅವರದೊಂದು ಪದ್ಧತಿ. ಯಾರಾದರೂ ದೂರು ತಂದರೆ ಗಿರಣಿ ಬಂದ್ ಮಾಡಿ ಕೇಳುವುದು. ಆ ಸದ್ದಿನಲ್ಲಿ ಮಾತು ಕೇಳಿಸಬೇಕಲ್ಲ. ಸರದಿಯಲ್ಲಿ ನಿಂತವರೂ ಕೇಳಿಸಿಕೊಂಡು ತಮ್ಮದನ್ನೂ ಸೇರಿಸುತ್ತಿದ್ದರು. ಮಧ್ಯಾಹ್ನ ಮುಖ ಒರೆಸಿಕೊಂಡು, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇರುವಾಗ ಪುರಸಭೆಗೆ ನಡೆದು ಹೋಗುತ್ತಿದ್ದರು. ಮಾಣಿಕನಗರದಲ್ಲಿ ಮಾಸ್ತರನಾಗಿದ್ದ ನನಗೆ ಅರ್ಜಿ ಬರೆದುಕೊಡುವ ಕೆಲಸ. 'ಮಾನ್ಯರೇ' ಎಂದು ಶುರು ಮಾಡಿದರೆ ಎರಡು ಹಾಳೆ ತುಂಬುವವರೆಗೂ ನನಗೆ ಸಮಾಧಾನವಿಲ್ಲ.

'ಇಷ್ಟ್ಯಾಕ ಬರೀತಿ ತಮ್ಮಾ? ನಳಕ್ಕ ನೀರಿಲ್ಲ ಅಂತ ಬರಿ, ಸಾಕು' ಎನ್ನುತ್ತಿದ್ದರು ಅತ್ತೆ.

ಆಮೇಲೆ ಅಧ್ಯಕ್ಷರ ಚುನಾವಣೆ ಬಂತು. ಎರಡು ಪಕ್ಷಗಳದೂ ಸಮಸಮ, ನಡುವೆ ಅತ್ತೆಯ ಒಂದು ಕೈ. ಗಿರಣಿಯ ಮುಂದೆ ಜೀಪುಗಳು ನಿಲ್ಲತೊಡಗಿದವು. ದಿನಾ ಪೇಪರ್ ಓದುವ ನಾನು ರಾಜಕೀಯ ಬಲ್ಲವನಂತೆ ಹೇಳಿದೆ: 'ಒಬ್ಬರೇ ಇದ್ರ ಏನೂ ಆಗಂಗಿಲ್ಲ ಅತ್ತಿ. ಒಂದು ಪಾರ್ಟಿ ಹಿಡೀರಿ, ಓಣಿಗೆ ಸಿಮೆಂಟ್ ರೋಡ್ ಬರ್ತದ.' ಅತ್ತೆ ಒಂದು ಪಕ್ಷದ ಶಾಲು ಹೊದ್ದರು. ನಿಮಗೆ ಗೊತ್ತಿರುವುದೇ, ಇಂಥ ಹೊತ್ತಿನಲ್ಲಿ ಮೆಂಬರುಗಳನ್ನು ಎದುರು ಪಕ್ಷದವರು ಹಾರಿಸಿಕೊಂಡು ಹೋಗಬಾರದೆಂದು ಗಾಡಿ ಹತ್ತಿಸಿ ದೂರದ ಊರಿನಲ್ಲಿ ಇಟ್ಟಿರುತ್ತಾರೆ. ಹಬ್ಬಕ್ಕೂ ಮುಚ್ಚದ ಗಿರಣಿಗೆ ಎಂಟು ದಿನ ಕೀಲಿ ಬಿತ್ತು. ಅತ್ತೆ ಗಾಡಿಯಿಂದಿಳಿದು ನೇರ ಸಭೆಗೆ ಹೋಗಿ ಕೈ ಎತ್ತಿದರು.

ರೋಡು ಬಂತು, ಸುಳ್ಳು ಹೇಳಬಾರದು. ಆದರೆ ಓಣಿಯ ಅರ್ಧ ಡಬ್ಬಿಗಳು ಬೇರೆ ಗಿರಣಿಗೆ ಹೋದವು. ಬರುತ್ತಿದ್ದವರೂ 'ನಿಮ್ಮ ಪಾರ್ಟಿಯವರು' ಎಂದು ಮಾತು ಶುರು ಮಾಡುತ್ತಿದ್ದರು. ದೂರು ಹೇಳುವವರಿಲ್ಲದೆ ಗಿರಣಿ, ಬಂದಷ್ಟು ಜೋಳ ಮುಗಿಯುವವರೆಗೆ, ಒಂದೇ ಸಮನೆ ತಿರುಗುತ್ತಿತ್ತು. ಮುಂದಿನ ಸಲ ಪಕ್ಷ ಟಿಕೆಟನ್ನು ಇನ್ನೊಬ್ಬರಿಗೆ ಕೊಟ್ಟಿತು. ಕೆಲವು ವರ್ಷಕ್ಕೆ ಅತ್ತೆ ಗಿರಣಿಯನ್ನೂ ಮಾರಿದರು. ಇದೆಲ್ಲ ನನ್ನ ಒಂದು ಮಾತಿನಿಂದ ಆದದ್ದೆಂದು ನಾನು ಇಷ್ಟು ವರ್ಷ ಒಳಗೊಳಗೇ ಕೊರಗಿದ್ದೇನೆ.

ಹಿಟ್ಟಿನ ವಾಸನೆ ಬಂದ ಮರುದಿನವೇ ಹುಮನಾಬಾದಿನ ಬಸ್ಸು ಹತ್ತಿದೆ. ಚಹಾ ಕುಡಿಯುತ್ತಾ ಹೇಳಿಬಿಟ್ಟೆ, 'ಅವತ್ತು ನಾ ಹಂಗ ಹೇಳಬಾರದಿತ್ತು ಅತ್ತಿ.'

ಅತ್ತೆ ನಕ್ಕರು. 'ನೀ ಹೇಳಿದಿ ಅಂತ ಹೋದೆ ಅಂದ್ಕೊಂಡಿ ಏನು? ಲಗ್ನ ಆದಾಗಿಂದ ಬೀಸಾಕತ್ತಿದ್ದೆ. ಎಂಟು ದಿನ ಕುಂತು ಉಣ್ರಿ ಅಂದ್ರು. ಆಸೆ ಆತು, ಹೋದೆ.'

ಇಷ್ಟು ವರ್ಷ ಜೋಪಾನ ಮಾಡಿದ್ದ ನನ್ನ ತಪ್ಪಿಗೂ ಬೆಲೆಯಿಲ್ಲದಂತಾಯಿತು. ಹಗುರಾಗಬೇಕಿತ್ತು, ಆಗಲಿಲ್ಲ. ಗಿರಣಿ ನಿಲ್ಲಿಸಿ, ಕಿವಿಯ ಮೇಲಿನ ಸೆರಗು ಸರಿಸಿ, 'ಹಾಂ, ಹೇಳ್ರಿ' ಎನ್ನುತ್ತಿದ್ದ ಆ ಅತ್ತೆ ನನಗೆ ಇನ್ನೊಮ್ಮೆ ಬೇಕಿತ್ತು.

ಹೊರಗೆ ಬಂದರೆ ಮನೆಯ ಮುಂದೆ ನಾಲಿ ಕಟ್ಟಿಕೊಂಡು ಹೊಲಸು ನೀರು ಮೆಟ್ಟಿಲ ತನಕ ಬಂದಿತ್ತು.

'ಮೆಂಬರಿಗೆ ಹೇಳಿಲ್ಲೇನ್ರಿ?'

'ಅವರು ಆ ಪಾರ್ಟಿಯವರು. ನಾ ಈ ಪಾರ್ಟಿಯಾಕಿ ಅಂತ ಇನ್ನೂ ತಿಳ್ಕೊಂಡಾರ. ಹ್ಯಾಂಗ ಹೋಗ್ಲಿ?'

ಏನೋ ಸಲಹೆ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆ ಮೆಂಬರ ಮನೆ ಎಲ್ಲೆಂದು ಕೇಳಿ ಚಪ್ಪಲಿ ಮೆಟ್ಟಿದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಅತ್ತೆ ಬಾಗಿಲಿನಿಂದ ಕೂಗಿದರು.

'ತಮ್ಮಾ, ಓಣಿಯವರು ಕಳಿಸ್ಯಾರ ಅಂತ ಹೇಳು. ನನ್ನ ಹೆಸರು ಹೇಳಬ್ಯಾಡ.'