ಸಮುದ್ರ ನೋಡಿ ಬಂದ ಹಾಲಮ್ಮ

ಸಮುದ್ರ ನೋಡಿ ಬಂದವರು ಬೀದಿಗೊಬ್ಬರಾದರೂ ಇರುತ್ತಾರೆ. ಹಿರಿಯೂರಿನ ನಮ್ಮ ಬೀದಿಗೆ ಹಾಲಮ್ಮ. ಮೊದಲು ರಾಮೇಶ್ವರ, ಆಮೇಲೆ ಗೋಕರ್ಣ, ಎರಡೂ ಕಡೆ ಬೊಗಸೆಯಲ್ಲಿ ನೀರೆತ್ತಿ ರುಚಿ ನೋಡಿದವರು. ಅಂದಿನಿಂದ ಯಾರ ಮನೆಯಲ್ಲಿ ಸಾರು ಕುದಿದರೂ ತೀರ್ಪು ಅವರದೇ. ಉಪ್ಪು ಹೆಚ್ಚಾದರೆ "ಗೋಕರ್ಣ ಆಗೈತೆ ಕಣವ್ವ", ಚೂರು ಕಡಿಮೆಯಾದರೆ "ರಾಮೇಶ್ವರ ಐತೆ, ಇನ್ನೆರಡು ಹರಳು ಹಾಕು." ಸಮುದ್ರ ಯಾಕೆ ಉಪ್ಪು ಅಂತ ಯಾರಾದರೂ ಕೇಳಿದರೋ, ಸೆರಗು ಸಿಕ್ಕಿಸಿ ಕೂತೇಬಿಡುತ್ತಾರೆ: "ನಮ್ಮ ವೇದಾವತಿಯಂಥ ಹೊಳೆಗಳೆಲ್ಲ ಕಲ್ಲುಮಣ್ಣಿನ ಉಪ್ಪು ತೊಳಕಂಡು ಹೋಗಿ ಅಲ್ಲಿ ಬಿಡ್ತವೆ. ಸೂರ್ಯ ನೀರು ಕುಡೀತಾನೆ, ಉಪ್ಪು ಮುಟ್ಟಲ್ಲ. ಮೂಡಲ ಸಮುದ್ರಕ್ಕೆ ದೊಡ್ಡ ಹೊಳೆ ಜಾಸ್ತಿ, ಅದಕ್ಕೇ ಅದು ಸಪ್ಪೆ." ಮಾರಿಕಣಿವೆಗೆ ಕಟ್ಟೆ ಕಟ್ಟಿ ನೀರು ನಿಂತಾಗ ಜನ "ಸಮುದ್ರ, ಸಮುದ್ರ" ಅಂದರೆ, ಇವರು "ಅದಿನ್ನೂ ಕೂಸು, ಉಪ್ಪಾಗಾಕೆ ವಯಸ್ಸಾಗ್ಬೇಕು" ಅಂದರು. ಆದರೆ ಇಷ್ಟೆಲ್ಲ ಹೇಳುವವರು ಸೌಟನ್ನು ಮೂಗಿನ ಹತ್ತಿರ ಹಿಡಿಯುತ್ತಾರೆಯೇ ಹೊರತು ನಾಲಗೆಗೆ ಮುಟ್ಟಿಸುವುದಿಲ್ಲ. ಕಾರಣ ಹೇಳಿದವಳು ಅವರ ಸೊಸೆ ಗಿರಿಜೆ. ಅವಳು ಪ್ಲೇಗಿನಲ್ಲಿ ಮಲಗಿದ್ದಾಗ ಅತ್ತೆ ಹರಕೆ ಹೊತ್ತರಂತೆ. ಅವಳು ಎದ್ದು ಓಡಾಡುವಂತಾದ ಮೇಲೆ ಗೋಕರ್ಣಕ್ಕೆ ಹೋಗಿ, ಉಪ್ಪು ತಿನ್ನುವುದನ್ನೇ ಅಲ್ಲಿ ಬಿಟ್ಟು ಬಂದರಂತೆ. "ಸಪ್ಪೆ ಊಟ ಬೇಜಾರಾಗಲ್ವಾ, ಹಾಲಮ್ಮಾರೇ?" ಅಂತ ಕೇಳಿದೆ. ಸೊಸೆ ಬಡಿಸಿದ ಸಪ್ಪೆ ಸಾರನ್ನು ಸೊರ್ರನೆ ಕುಡಿದು ಅವರು ನಕ್ಕರು: "ಬೇಜಾರ್ಯಾಕಪ್ಪ? ಎಲ್ಲಾ ಹೊಳೆಗಳ ಜೊತೆಗೆ ನಂದೂ ಅಲ್ಲೇ ಐತೆ. ಗೋಕರ್ಣ ಒಂದು ಹಿಡಿ ಜಾಸ್ತಿ ಉಪ್ಪಾಗಿರಾದು ಮತ್ಯಾಕೆ ಅಂತೀಯಾ!"