ನಿಮ್ಮ ತಾತ ಪಿಲಾತನನ್ನು ಹೂತ ಕಥೆ

ಜೆನಿಫರ್, ಅರುಳ್, ಇವತ್ತು ಟ್ರಂಕು ತೆಗೆದಾಗ ಮೇಣದ ವಾಸನೆ ಬಂತು. ಸೀರೆಗಳ ನಡುವೆ ಚರ್ಚಿನಲ್ಲಿ ಮಂತ್ರಿಸಿದ ಮೇಣದಬತ್ತಿಯೊಂದು ಸೆಕೆಗೆ ಮೆತ್ತಗಾಗಿ ಬಾಳೆಹಣ್ಣಿನಂತೆ ಬಾಗಿ ಮಲಗಿತ್ತು. ನಾನೊಬ್ಬಳೇ ನಕ್ಕೆ. ಎದುರು ಕೂತು ಕಥೆ ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಹನೂರಿನ ಕಡೆಯ ಈ ಮನೆಗೆ ಬಂದ ಹೊಸತು. ನಮ್ಮತ್ತೆ, ಅಂದರೆ ನಿಮ್ಮ ತಾತನ ತಾಯಿ, ಲೋಕದ ಅಂತ್ಯಕ್ಕೆ ಸದಾ ಸಿದ್ಧರಾಗಿದ್ದವರು. ಬೇರೆ ಮನೆಗಳಲ್ಲಿ ಮಳೆಗಾಲಕ್ಕೆ ಸೌದೆ ಕೂಡಿಟ್ಟರೆ ನಮ್ಮಲ್ಲಿ ಮಂತ್ರಿಸಿದ ಬತ್ತಿ ಕೂಡಿಡುತ್ತಿದ್ದೆವು. ಕೊನೆಗಾಲದಲ್ಲಿ ಮೂರು ದಿನ ಕತ್ತಲೆ ಕವಿಯುತ್ತದೆ, ಆಗ ಈ ಬತ್ತಿ ಬಿಟ್ಟು ಬೇರೇನೂ ಉರಿಯುವುದಿಲ್ಲ ಎಂದು ಅವರ ನಂಬಿಕೆ. ಇನ್ನೊಂದು ಭಯವೂ ಇತ್ತು. ಆ ಕತ್ತಲೆಯಲ್ಲಿ ದೆವ್ವ ನಮ್ಮವರ ದನಿಯಲ್ಲೇ ಬಾಗಿಲು ತಟ್ಟುತ್ತದಂತೆ. ತೆರೆದರೆ ಆತ್ಮ ಹೋಯಿತು.

ಒಂದು ಮಧ್ಯಾಹ್ನ ಬೆಟ್ಟದ ಕಡೆಯಿಂದ ಮೋಡ ಎದ್ದು ಊರೇ ಕಪ್ಪಾಯಿತು. ಕರೆಂಟೂ ಹೋಯಿತು. ಕೋಳಿಗಳು ಗೂಡು ಸೇರಿದವು. ಅತ್ತೆಗೆ ಇನ್ನೇನು ಬೇಕು? “ಬಂತು ಕಣಮ್ಮಿ, ಅಗುಳಿ ಆಕು!” ಎಂದರು. ಕಿಟಕಿ ಮುಚ್ಚಿ, ಬತ್ತಿ ಹಚ್ಚಿ, ಮೇಕೆಯನ್ನೂ ಒಳಗೆ ಎಳೆದುಕೊಂಡು ಕೂತೆವು. ಮೇಕೆಗೆ ಅಂತ್ಯತೀರ್ಪು ಇಲ್ಲವೆಂದು ನನಗೆ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

“ಅವ್ವೋ, ತಗಿ! ಮಳೆ ಉಯ್ತಾ ಅದೆ!”

ಕುಂತೂರಿನ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗಿದ್ದ ನಿಮ್ಮ ತಾತನ ದನಿ. ಎದ್ದವಳ ಸೆರಗನ್ನು ಅತ್ತೆ ಹಿಡಿದರು. “ಕೂತ್ಕೊ. ನನ್ ಮಗ ಬರಾದು ನಾಳೀಕೆ.”

“ಲೋಡು ಬೇಗ್ನೆ ಇಳೀತು ಕಣವ್ವಾ!”

“ನನ್ ಮಗನೇ ಆಗಿದ್ರೆ ವಿಶ್ವಾಸ ಸಂಗ್ರಹ ಯೋಳ್ಲಾ, ನೋಡ್ವ!”

ಹೊರಗೆ ಜಪ ಶುರುವಾಯಿತು, ನಮ್ಮ ನಂಬಿಕೆಯನ್ನೆಲ್ಲ ಒಂದೊಂದಾಗಿ ಹೇಳಿ ಒಪ್ಪಿಕೊಳ್ಳುವ ಜಪ. ದೇವರು ಭೂಮಿ ಆಕಾಶ ಸೃಷ್ಟಿಸಿದ್ದು, ಯೇಸು ಹುಟ್ಟಿದ್ದು, ಎಲ್ಲ ಸರಿಯಾಗಿಯೇ ಬಂತು. ಪಿಲಾತನ ಹೆಸರು ಬಂದಲ್ಲಿ ದಾರಿ ತಪ್ಪಿತು. ಯೇಸುವಿಗೆ ಶಿಕ್ಷೆ ಕೊಟ್ಟ ಆ ಪಿಲಾತನನ್ನೇ ಶಿಲುಬೆಗೆ ಏರಿಸಿ, ಹೂತು, ಮೂರನೆಯ ದಿನ ಎಬ್ಬಿಸಿ, ಸ್ವರ್ಗಕ್ಕೂ ಕಳಿಸಿಬಿಟ್ಟಿತು ಆ ದನಿ.

“ನೋಡ್ದಾ? ದೆವ್ವುಕ್ಕೆ ಜಪ ಬರಾಕಿಲ್ಲ!” ಅತ್ತೆ ಗೆದ್ದವರಂತೆ ಕೂಗಿದರು.

ಸಂಜೆಯ ಜಪದಲ್ಲಿ ಅತ್ತೆಯ ದನಿ ಎಲ್ಲರಿಗಿಂತ ಜೋರು. ಮಗ ಏನು ಹೇಳುತ್ತಾನೆಂದು ಅವರಿಗೆ ಯಾವತ್ತೂ ಕೇಳಿಸಿರಲಿಲ್ಲ. ಪಕ್ಕದಲ್ಲಿ ಮೊಣಕಾಲೂರುತ್ತಿದ್ದ ನನಗೆ ಮಾತ್ರ ದಿನವೂ ಪಿಲಾತನ ಪುನರುತ್ಥಾನ ಕೇಳಿಸುತ್ತಿತ್ತು. ಆದರೂ ನನ್ನೆಣಿಕೆ ತಪ್ಪಿದರೆ ನನ್ನದಷ್ಟೇ ಅಲ್ಲ, ಅತ್ತೆಯ ಆತ್ಮವೂ ಹೋಗುತ್ತದೆ. ಸುಮ್ಮನಿದ್ದರೆ ಗಂಡ ಮಳೆಯಲ್ಲಿ.

“ಅವ್ರೇ ಕಣತ್ತೆ,” ಎಂದೆ. ಅತ್ತೆಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. “ದೆವ್ವ ಆಗಿದ್ರೆ ಸರಿಯಾಗೇ ಯೋಳದು.”

ಅಗುಳಿ ತೆಗೆದೆ. ತಲೆಗೆ ಗೊಬ್ಬರದ ಚೀಲ ಹೊದ್ದ ಕಪ್ಪು ಆಕಾರವೊಂದು ಒಳಗೆ ನುಗ್ಗಿತು. ಅತ್ತೆ ತೀರ್ಥದ ಬಾಟಲಿಯನ್ನು ಅದರ ಮುಖಕ್ಕೇ ಸುರಿದರು.

“ಇನ್ನೂ ಯಾಕವ್ವಾ ನೀರು! ಮಳೇಲೇ ನೆಂದಿವ್ನಿ!”

ಮೇಕೆ ಸಂದಿಯಲ್ಲಿ ನುಸುಳಿ ಲೋಕದ ಅಂತ್ಯಕ್ಕೆ ಓಡಿಹೋಯಿತು.

ಹೋದ ವರ್ಷ ತಾತನ ಕೊನೆಗಳಿಗೆಯಲ್ಲಿ, ನಮ್ಮ ಪದ್ಧತಿಯಂತೆ, ಅವರ ಕಿವಿಯಲ್ಲಿ ವಿಶ್ವಾಸ ಸಂಗ್ರಹ ಹೇಳುತ್ತಿದ್ದೆ. ಪಿಲಾತನನ್ನು ದಾಟುತ್ತಲೇ ಅವರು ಕಣ್ಣು ತೆರೆದರು.

“ತಪ್ ಯೋಳ್ತಿದ್ದೀಯ ಕಣಮ್ಮಿ.”

ಅವರ ಪ್ರಕಾರವೇ ಹೇಳಿ ಮುಗಿಸಿದೆ. ನೆಮ್ಮದಿಯಿಂದ ಹೋದರು.

ಈಗ ಏನಾಗಿದೆ ನೋಡಿ, ಚರ್ಚಿನಲ್ಲಿ ನನ್ನ ಬಾಯಲ್ಲೂ ಪಿಲಾತನೇ ಎದ್ದು ಬರುತ್ತಾನೆ. ಸೆರಗು ಅಡ್ಡ ಹಿಡಿದು ನುಂಗಿಕೊಳ್ಳುತ್ತೇನೆ. ನನ್ನ ಸರದಿ ಬಂದಾಗ ನೀವು ಸರಿಯಾಗಿಯೇ ಹೇಳಿಕೊಡಿ, ಆದರೆ ನಾನು ತಪ್ಪು ಹೇಳಿದರೆ ತಿದ್ದಬೇಡಿ. ಅಲ್ಲಿ ಮೇಲೆ ಬಾಗಿಲು ತೆಗೆಯುವ ನಿಮ್ಮ ತಾತನಿಗೆ ನನ್ನ ಗುರುತು ಸಿಗಬೇಕಲ್ಲ!

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಚರ್ಚಿನ ಸ್ವಾಮಿಗಳ ಕೈಗೆ ಮಾತ್ರ ಸಿಗಬಾರದು.