ಸರೋಜಾ ಬಾಯಾರು ಕುಡಿಯದ ನೀರು

ಬೆಳಿಗ್ಗೆ ಪ್ರಯೋಗಾಲಯಕ್ಕೆ ಕಾಲಿಡುತ್ತಲೇ ಸರೋಜಾ ಬಾಯಾರು, “ಅವರದು ಊಟ ಆತೇನು?” ಎಂದು ಕೇಳುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ನಾನು, ಯಾರೋ ಅತಿಥಿಗಳು ಬಂದಿರಬೇಕೆಂದು ಸುತ್ತ ನೋಡಿದೆ. ಅವರು ವಿಚಾರಿಸಿದ್ದು ಗಾಜಿನ ಶೀಸೆಗಳಲ್ಲಿದ್ದ ಬ್ಯಾಕ್ಟೀರಿಯಾಗಳನ್ನು.

ಬಾಯಾರು ಧಾರವಾಡದ ಕಡೆಯವರು, ಅಲ್ಲಿ ಮೇಡಂಗೆ ಬಾಯಾರು ಅನ್ನುವುದು ರೂಢಿ. ಅರ್ಧ ಆಯುಷ್ಯ ಪುಣೆಯಲ್ಲೇ ಕಳೆದಿದ್ದರು, ಹೊರಗೆಲ್ಲ ಮರಾಠಿಯೇ. ಆದರೆ ನಾನು ಬೆಳಗಾವಿಯವನೆಂದು ಗೊತ್ತಾದ ಮೇಲೆ ನನ್ನೊಡನೆ ಕನ್ನಡ ಬಿಟ್ಟು ಬೇರೆ ಆಡಲಿಲ್ಲ. ಖಡಕಿ ಬಡಾವಣೆಯ ಮನೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಸೆರಗಿಗೆ ಸದಾ ಯಾವುದೋ ಕಲೆ.

ಜೈವಿಕ ಡೀಸೆಲ್ಲಿನ ಮಾತು ಎಲ್ಲೆಡೆ ಕೇಳಿಬರುತ್ತಿದ್ದ ಕಾಲ ಅದು. ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಂದು ಬಣ್ಣದ ಮಂದ ಗ್ಲಿಸರಿನ್ ಯಾರಿಗೂ ಬೇಡವಾಗಿತ್ತು. ಬಾಯಾರು ಅದನ್ನು ಕೇಳಿ ತರುತ್ತಿದ್ದರು.

ಪುಣೆಯ ಆಚೆ ಸಾಸವಡದ ಹತ್ತಿರ ಗಣಪತರಾವ್ ಎಂಬ ರೈತರ ಬಾವಿಯ ನೀರು ಹಳದಿಯಾಗಿತ್ತು. ಪಕ್ಕದಲ್ಲಿ ಮುಚ್ಚಿಹೋಗಿದ್ದ, ಲೋಹಕ್ಕೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆಯೊಂದರ ವಿಷಕಾರಿ ಕ್ರೋಮಿಯಂ ನೆಲಕ್ಕಿಳಿದಿತ್ತು. ಗ್ಲಿಸರಿನ್ ಉಣಿಸಿದರೆ ಅಲ್ಲಿನ ಮಣ್ಣಿನ ಬ್ಯಾಕ್ಟೀರಿಯಾಗಳೇ ಬೆಳೆದು, ಆ ವಿಷವನ್ನು ನೀರಿನಲ್ಲಿ ಕರಗದಂತೆ ಮಾಡುತ್ತವೆ ಎಂದು ಬಾಯಾರು ನಂಬಿದ್ದರು.

ಮಣ್ಣಿನಲ್ಲಿ ಕೊಳವೆ ಇಳಿಸಿ ಸ್ವಲ್ಪಸ್ವಲ್ಪವಾಗಿ ಉಣಿಸಿದೆವು. ಮೊದಲು ಬಾವಿ ಕೊಳೆತ ಮೊಟ್ಟೆಯಂತೆ ನಾರಿತು. ಗಣಪತರಾವ್ ಅವರ ಹೆಂಡತಿ ಕೊಳವೆಗಳನ್ನು ಕಿತ್ತು ರಸ್ತೆಗೆಸೆದರು. ಬಾಯಾರು ಜಗಳವಾಡಲಿಲ್ಲ. ಅವರ ಪಡಸಾಲೆಯಲ್ಲಿ ಕೂತು ಮಧ್ಯಾಹ್ನವೆಲ್ಲ ಬೈಸಿಕೊಂಡು, ಕೊನೆಗೆ ಚಹಾ ಕುಡಿದು, ಕೊಳವೆಗಳನ್ನು ಮತ್ತೆ ಹೂಳಿಸಿ ಬಂದರು.

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನೀರು ತಿಳಿಯಾಯಿತು. ಊರವರು ನೆರೆದು ತೆಂಗಿನಕಾಯಿ ಒಡೆದರು. ಗಣಪತರಾವ್ ಒಂದು ಲೋಟ ತುಂಬಿ, ಮೊದಲು ಮೇಡಂ ಕುಡಿಯಲಿ ಎಂದರು. ಬಾಯಾರು ಲೋಟ ಇಸಿದುಕೊಂಡು ಕೆಳಗಿಟ್ಟರು. ನಾನೂ ಕುಡಿಯುವುದಿಲ್ಲ, ನೀವೂ ಕುಡಿಯಬೇಡಿ ಎಂದರು. ಜನ ಮುಖ ಸಣ್ಣದು ಮಾಡಿಕೊಂಡು ಚದುರಿದರು. ಮೇಡಂಗೇ ತಮ್ಮ ಕೆಲಸದ ಮೇಲೆ ನಂಬಿಕೆಯಿಲ್ಲ ಎಂದು ಯಾರೋ ಅಂದದ್ದು ನಮಗೂ ಕೇಳಿಸಿತು.

ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. ಒಂದು ಗುಟುಕು ಕುಡಿದಿದ್ದರೆ ಏನಾಗುತ್ತಿತ್ತು ಎಂದೆ. ಬಾಯಾರು ನನ್ನ ಕಡೆ ತಿರುಗಿದರು.

“ನನಗೇನೂ ಆಗ್ತಿರಲಿಲ್ಲಪಾ. ಆದ್ರ ನಾ ಕುಡದದ್ದು ನೋಡಿ ಆ ಮನಿ ಸೊಸಿ ನಾಳೆಯಿಂದ ಕೂಸಿಗೆ ಕುಡಸ್ತಾಳ. ಬಣ್ಣ ಹೋಗೇದ, ಅಷ್ಟ ನಮಗ ಗೊತ್ತಿರೋದು. ಇನ್ನೂ ಎರಡು ಮಳಿಗಾಲ ನೋಡೋಣು.”

ಅವರಿಗೆ ಒಂದನ್ನೂ ನೋಡಲಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನೀರಿನ ಮಾದರಿ ತಂದು ಪರೀಕ್ಷಿಸುವ ಕೆಲಸ ನಾನು ಮುಂದುವರಿಸಿದೆ. ಎರಡನೆಯ ಮಳೆಗಾಲ ಕಳೆದ ಮೇಲೂ ನೀರಿನಲ್ಲಿ ದೋಷ ಸಿಗಲಿಲ್ಲ. ಇನ್ನು ಕುಡಿಯಬಹುದೇ ಎಂದು ಗಣಪತರಾವ್ ಫೋನ್ ಮಾಡಿದರು. ವರದಿ ನನ್ನ ಎದುರಿಗೇ ಇತ್ತು, ಎಲ್ಲ ಸರಿಯಾಗಿತ್ತು. ಆದರೂ ಹೂಂ ಅನ್ನಲು ಬಾಯಿ ಬರಲಿಲ್ಲ. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ವಿಷ ಉಳಿದಿದ್ದರೆ ಹೆಚ್ಚು ಕಾಣುತ್ತದೆ, ಆಗ ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದೆ.

ಅವರು ಬೇಸರಪಟ್ಟುಕೊಳ್ಳಲಿಲ್ಲ. ಮೇಡಂ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು ಎಂದು ಫೋನ್ ಇಟ್ಟರು.